ಪೊರಕೆಯೋ, ಕಸಬರಿಗೆಯೋ, ಹಿಡಿಸೂಡಿಯೋ?

ಪಾರ್ಶ್ವವಾಯು ಎಂದೊಡನೆ ನಮ್ಮ ಕಣ್ಣಿಗೆ ಬೀಳುವುದು ಸೊಟ್ಟಗಾದ ಬಾಯಿ, ಸ್ವಾಧೀನ ತಪ್ಪಿದ ಕೈಕಾಲು. ಅವಕ್ಕೆ ಎಣ್ಣೆ ತಿಕ್ಕಿಸುತ್ತೇವೆ, ವ್ಯಾಯಾಮ ಮಾಡಿಸುವವರನ್ನು ಮನೆಗೇ ಕರೆಸುತ್ತೇವೆ. ಮಾತು ಹೋದಾಗ ಮಾತ್ರ ‘ವಯಸ್ಸಾಯಿತು, ಬಂದಷ್ಟು ಬರಲಿ’ ಎಂದು ಸುಮ್ಮನಾಗುತ್ತೇವೆ. ಮಿದುಳಿನ ಆಘಾತಕ್ಕೆ ಒಳಗಾದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಅಫೇಸಿಯಾ ಎಂಬ ಭಾಷಾತೊಡಕು ಉಂಟಾಗುತ್ತದೆ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ನೌಕರಿ ಅರಸಿ ಈ ಮಹಾನಗರಗಳಿಗೆ ಬಂದಿಳಿದ ನಮ್ಮ ಹಿರಿಯರು ಇಂದು ಈ ರೋಗದ ವಯಸ್ಸಿನಲ್ಲಿದ್ದಾರೆ. ಆದುದರಿಂದ ಇದು ವೈದ್ಯರಿಗಷ್ಟೇ ಬಿಟ್ಟುಬಿಡಬಹುದಾದ ವಿಷಯವೆಂದು ನಮಗೆ ತೋರುವುದಿಲ್ಲ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿಯೊಬ್ಬನ ಬಾಯಿಂದ ಹೊರಡುತ್ತಿದ್ದುದು ಬಹುಮಟ್ಟಿಗೆ ‘ತಾನ್’ ಎಂಬ ಒಂದೇ ಸದ್ದು. ಆದರೆ ಇತರರು ಆಡಿದ್ದರ ಬಹುಭಾಗ ಅವನಿಗೆ ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದಾಗ ಗಾಯವಿದ್ದುದು ಮಿದುಳಿನ ಎಡಭಾಗದ ಮುಂಗಡೆಯಲ್ಲಿ. ಮಾತು ತಡವಾದ ಮಗುವಿನ ನಾಲಗೆಗೆ ಬಜೆ ತೇಯ್ದು ಹಚ್ಚುವ ನಮ್ಮ ಅಜ್ಜಿಯಂದಿರ ಮದ್ದು ಇಲ್ಲಿ ಸಲ್ಲದಿರುವುದು ಇದಕ್ಕಾಗಿಯೇ, ಕೆಟ್ಟಿರುವುದು ನಾಲಗೆಯಲ್ಲ. ಬುದ್ಧಿಯೂ ಮಂಕಾಗಿರಬೇಕೆಂದಿಲ್ಲ. ಕೈಯಲ್ಲಿ ಬಾಚಣಿಗೆ ಹಿಡಿದು ಸರಿಯಾಗಿ ತಲೆ ಬಾಚಿಕೊಳ್ಳುವವರು ಅದರ ಹೆಸರು ಕೇಳಿದರೆ ತಡಬಡಿಸುತ್ತಾರೆ. ಬೆಳಿಗ್ಗೆ ಸಿಗದ ಪದ ಸಂಜೆ ತಾನೇ ಬಾಯಿಗೆ ಬರುವುದೂ ಉಂಟು. ಪದ ಅಳಿದುಹೋಗಿಲ್ಲ, ಅದನ್ನು ತಲುಪುವ ದಾರಿ ಕೆಟ್ಟಿದೆ ಎಂಬುದಕ್ಕೆ ಇದೇ ಕುರುಹು.

ಪದ ಹುಡುಕುವ ಚಿಕಿತ್ಸೆಯ ಕೆಲಸ ಆ ದಾರಿಯನ್ನು ಮತ್ತೆ ಸವೆಸುವುದು. ಚಿತ್ರವೊಂದನ್ನು ಮುಂದಿಟ್ಟು, ಇದು ಯಾವ ಜಾತಿಯ ವಸ್ತು, ಯಾವುದಕ್ಕೆ ಬಳಸುತ್ತಾರೆ, ಎಲ್ಲಿ ಇಡುತ್ತಾರೆ, ಇದನ್ನು ಕಂಡರೆ ಮತ್ತೇನು ನೆನಪಾಗುತ್ತದೆ ಎಂದು ವಾಕ್ ಚಿಕಿತ್ಸಕರು ಸುತ್ತಲಿಂದ ಬಳಸಿ ಬರುತ್ತಾರೆ. ಹೆಸರಿಗೆ ಅಂಟಿಕೊಂಡ ಅರ್ಥಗಳನ್ನು ಒಂದೊಂದಾಗಿ ಎಬ್ಬಿಸಿದರೆ ಹೆಸರೂ ಎದ್ದುಬರಬಹುದೆಂಬ ನಂಬಿಕೆ ಈ ಕ್ರಮದ ಹಿಂದಿದೆ. ಇನ್ನೊಂದು ಕ್ರಮದಲ್ಲಿ ಮೊದಲ ಅಕ್ಷರವನ್ನು ಉಚ್ಚರಿಸಿ ತೋರಿಸುತ್ತಾರೆ, ಇಲ್ಲವೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಬರಬರುತ್ತಾ ಈ ಆಸರೆಯನ್ನು ಕಡಿಮೆ ಮಾಡುತ್ತಾರೆ. ವಾಕ್ ಚಿಕಿತ್ಸೆಯಿಂದ ಪ್ರಯೋಜನವಿದೆಯೆಂಬುದನ್ನು 57 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ಸಮೀಕ್ಷೆ ಎತ್ತಿಹಿಡಿದಿದೆ.

ನಮ್ಮ ಪ್ರಶ್ನೆ ಏಳುವುದು ಇಲ್ಲಿ. ಯಾವ ಪದ? ಯಾವ ಅಕ್ಷರ?

1983ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಯಾದ ಬಾಸ್ಟನ್ ನಾಮಪರೀಕ್ಷೆಯಲ್ಲಿ 60 ಚಿತ್ರಗಳಿವೆ. ಅವುಗಳಲ್ಲಿ ಹಿಮದ ಗುಡಿಸಲಿದೆ, ಓಕ್ ಮರದ ಕಾಯಿದೆ, ಶತಾವರಿಯ ಚಿಗುರಿನ ಪಲ್ಯವಿದೆ. ಅಂಕೋಲೆಯ ಅಜ್ಜಿಯೊಬ್ಬರು ಇವನ್ನು ಹೆಸರಿಸದಿದ್ದರೆ ಅದು ರೋಗದ ಲಕ್ಷಣವೇ? ಅದೇ ಪಟ್ಟಿಯಲ್ಲಿ ಕಸ ಗುಡಿಸುವ ಸಾಧನವೂ ಇದೆ. ಅದು ಎಲ್ಲರ ಮನೆಯದು, ತೊಡಕಿಲ್ಲ ಎನ್ನುವಿರಾ? ಮೈಸೂರಿನವರಿಗೆ ಅದು ಪೊರಕೆ, ಧಾರವಾಡದವರಿಗೆ ಕಸಬರಿಗೆ, ಪುತ್ತೂರಿನವರಿಗೆ ಹಿಡಿಸೂಡಿ, ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವರ ಬಾಯಿಗೆ ಝಾಡೂ. ಪುಸ್ತಕದ ಕನ್ನಡ ಕಲಿತ ಚಿಕಿತ್ಸಕರು ಧಾರವಾಡದ ಹಿರಿಯರ ಮುಂದೆ ಕುಳಿತು ‘ಪೊ... ಪೊ...’ ಎಂದು ಎಷ್ಟು ಹೊತ್ತು ಪ್ರೇರೇಪಿಸಿದರೂ, ಆ ಅಕ್ಷರದಿಂದ ಅವರ ಮನೆಯ ಮಾತಿಗೆ ದಾರಿಯೇ ಇಲ್ಲ. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿಗಳ ಕತೆಯೂ ಇದೇ. ಸಾಹಿತ್ಯ ಸಮ್ಮೇಳನಗಳಲ್ಲಿ ನಾವು ‘ಹಲವು ಕನ್ನಡಗಳು’ ಎಂದು ಹೆಮ್ಮೆಯಿಂದ ಭಾಷಣ ಮಾಡುತ್ತೇವಷ್ಟೆ; ಆ ಹಲವು ಕನ್ನಡಗಳ ಬೆಲೆ ನಿಜವಾಗಿ ತಿಳಿಯುವುದು ರೋಗಿಯ ಮಂಚದ ಬಳಿ.

ಒಳನಾಡಿನಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಪ್ರತಿಭಾ ಕಾರಂತರು 1980ರಷ್ಟು ಹಿಂದೆಯೇ ಕನ್ನಡಕ್ಕೆಂದೇ ಭಾಷಾಪರೀಕ್ಷೆಯೊಂದನ್ನು ರೂಪಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಚಿಕಿತ್ಸಕರನ್ನು ತಯಾರು ಮಾಡುತ್ತಿದೆ. ಆದರೆ ಪುಣೆಯಲ್ಲೋ ದೆಹಲಿಯಲ್ಲೋ ಆಸ್ಪತ್ರೆಯ ಚಿಕಿತ್ಸಕರಿಗೆ ಕನ್ನಡ ಬರುವುದು ಅದೃಷ್ಟದ ಮಾತು.

ಹಲವು ಭಾಷೆ ಬಲ್ಲವರಿಗೆ ಆಘಾತವಾದರೆ ಯಾವುದು ಮೊದಲು ಮರಳುತ್ತದೆ? ಮೊದಲು ಕಲಿತದ್ದು ಉಳಿಯುತ್ತದೆಂಬ ವಾದ ರಿಬೋ ಅವರದು; ಹೆಚ್ಚು ಬಳಕೆಯಲ್ಲಿದ್ದದ್ದು ಎಂದು 1895ರಲ್ಲಿ ಪಿತ್ರ್ ಹೇಳಿದರು. ಬಹುಮಂದಿಯಲ್ಲಿ ಎಲ್ಲ ಭಾಷೆಗಳೂ ಒಟ್ಟೊಟ್ಟಿಗೆ ಚೇತರಿಸುತ್ತವೆಯಾದರೂ, ಒಂದು ಮರಳಿ ಇನ್ನೊಂದು ಹಿಂದೆ ಉಳಿಯುವುದೂ ಇದೆ. ಒಂದು ಭಾಷೆಯಲ್ಲಿ ಕೊಟ್ಟ ಚಿಕಿತ್ಸೆ ಇನ್ನೊಂದಕ್ಕೆ ಹರಿದೇ ತೀರುವುದೆಂಬ ಭರವಸೆಯೂ ಇಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು ಆಡುತ್ತಾ ಬಾಳಿದ ನಮ್ಮ ಹಿರಿಯರ ಪಾಡನ್ನು ಊಹಿಸಿ. ಅವರಿಗೆ ಮರಳಿದ್ದು ಕನ್ನಡವೊಂದೇ ಆದರೆ, ಹಿಂದಿ ಇಂಗ್ಲಿಷುಗಳಲ್ಲೇ ಬೆಳೆದ ಮೊಮ್ಮಗನ ಜೊತೆ ಅವರು ಏನು ಮಾತಾಡಬೇಕು? ಮಕ್ಕಳಿಗೆ ಕನ್ನಡ ಕಲಿಸಿ ಎಂದು ನಾವು ಇಷ್ಟು ವರ್ಷ ಸಂಸ್ಕೃತಿಯ ಹೆಸರಿನಲ್ಲಿ ಬೇಡಿಕೊಂಡೆವು. ಅದಕ್ಕಿಂತ ತುರ್ತಾದ ಕಾರಣ ಇದು.

ಮನೆಯವರ ನಡವಳಿಕೆಯ ಬಗ್ಗೆಯೂ ಒಂದು ಮಾತು. ಕಿವುಡರೊಡನೆ ಎಂಬಂತೆ ಕೂಗಿ ಮಾತಾಡುವುದು, ಬಂದ ನೆಂಟರೆದುರು ‘ಇದೇನು ಹೇಳಿ ನೋಡೋಣ’ ಎಂದು ಪರೀಕ್ಷೆಗೆ ನಿಲ್ಲಿಸುವುದು, ಅವರು ತಡವರಿಸುವಷ್ಟರಲ್ಲಿ ತಾವೇ ಪದವನ್ನು ಮುಗಿಸಿಬಿಡುವುದು – ಮೂರೂ ಬೇಡ. ಕಾಯುವುದು ಕಷ್ಟ, ಆದರೆ ಕಾಯಬೇಕು. ಮಾತೇ ಹೊರಡದವರು ದೇವರನಾಮವನ್ನು ಪದಸಹಿತ ಹಾಡುವುದನ್ನು ಕಂಡು ಮನೆಯವರು ‘ಮಾತು ಬಂತು’ ಎಂದು ಹಿಗ್ಗುವುದುಂಟು. ಹಾಡಲಿ, ಅದು ಸಂತೋಷವೇ. ರಾಗದ ನೆರವಿನಿಂದ ಮಾತು ಹೊರಡಿಸುವ ಚಿಕಿತ್ಸಾಕ್ರಮವೊಂದು 1970ರ ದಶಕದಿಂದ ಇದೆ. ಆದರೆ ಬಾಯಿಪಾಠದ ಹಾಡು ಬಂದಮಾತ್ರಕ್ಕೆ, ಬೇಕಾದಾಗ ‘ನೀರು’ ಎಂದು ಕೇಳುವ ಶಕ್ತಿ ಬಂತೆಂದು ತಿಳಿದು ಅಭ್ಯಾಸ ನಿಲ್ಲಿಸಬಾರದು.

ಸಂಘ ಇಲ್ಲಿ ಮಾಡಬಹುದಾದುದು ಸಣ್ಣ ಕೆಲಸ. ಅಡುಗೆಮನೆ, ಬಟ್ಟೆಬರೆ, ದೇವರ ಕೋಣೆ, ನಂಟಸ್ತಿಕೆ, ಲೋಕಲ್ ಟ್ರೇನು, ಔಷಧ – ದಿನನಿತ್ಯದ ಸುಮಾರು ಇನ್ನೂರು ವಸ್ತು, ವ್ಯಕ್ತಿಗಳ ಚಿತ್ರಗಳಿರುವ ಪುಸ್ತಿಕೆಯೊಂದನ್ನು ಸಿದ್ಧಪಡಿಸಿ, ಪ್ರತಿ ಚಿತ್ರದ ಕೆಳಗೆ ನಾಲ್ಕೂ ಸೀಮೆಗಳ ಹೆಸರನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಅಚ್ಚುಹಾಕಬಹುದು. ಮನೆಯವರು ತಮ್ಮದನ್ನು ಗುರುತುಹಾಕಿ ಕೊಟ್ಟರೆ, ಕನ್ನಡ ಬಾರದ ಚಿಕಿತ್ಸಕರಿಗೂ ಯಾವ ಅಕ್ಷರದಿಂದ ತೊಡಗಬೇಕೆಂದು ತಿಳಿಯುತ್ತದೆ. ಯಾವ ಚಿತ್ರ ಯಾವ ಕ್ರಮದಲ್ಲಿರಬೇಕೆಂಬುದನ್ನು ಮಾತ್ರ ಬಲ್ಲ ಚಿಕಿತ್ಸಕರನ್ನು ಕೇಳಿಯೇ ನಿರ್ಧರಿಸಬೇಕು. ವಾಚಕರು ತಮ್ಮ ಮನೆಯಲ್ಲಿ ಆಡುವ ಇಂಥ ಹೆಸರುಗಳನ್ನು, ತಿದ್ದಿ ಶಿಷ್ಟಗೊಳಿಸದೆ, ತಮ್ಮ ಮೂಲ ಊರಿನ ಹೆಸರಿನೊಂದಿಗೆ ಬರೆದು ಸಂಘದ ಕಚೇರಿಗೆ ಕಳುಹಿಸಬೇಕಾಗಿ ವಿನಂತಿ.