ಲೈಕಾಳ ನಾಡಿ

1957ರ ನವೆಂಬರ್ 3ರಂದು ಸೋವಿಯೆಟ್ ರಷ್ಯವು ಎರಡನೆಯ ಸ್ಪುಟ್ನಿಕ್ಕಿನಲ್ಲಿ ಲೈಕಾ ಎಂಬ ನಾಯಿಯನ್ನು ಅಂತರಿಕ್ಷಕ್ಕೆ ಕಳಿಸಿತು. ಮಾಸ್ಕೋವಿನ ಬೀದಿಯಲ್ಲಿ ಅಲೆಯುತ್ತಿದ್ದ ನಾಯಿ ಅದು. ಕ್ರಾಂತಿಯ ನಾಲ್ವತ್ತನೆಯ ವಾರ್ಷಿಕೋತ್ಸವದ ಹೊತ್ತಿಗೆ ಆಗಬೇಕೆಂಬ ಆತುರದಲ್ಲಿ ನಡೆದ ಕೆಲಸ. ಮರಳಿ ತರುವ ಏರ್ಪಾಡೇ ಇರಲಿಲ್ಲ.

ನಾಯಿಯ ಮೈಗೆ ಜೋಡಿಸಿದ್ದ ಉಪಕರಣಗಳು ಅದರ ನಾಡಿ, ಉಸಿರು, ರಕ್ತದ ಒತ್ತಡಗಳನ್ನು ನಿಸ್ತಂತುವಿನ ಮೂಲಕ ಭೂಮಿಗೆ ತಿಳಿಸುತ್ತಿದ್ದವು. ನಿಮಿಷಕ್ಕೆ 103ರಷ್ಟಿದ್ದ ಎದೆಬಡಿತ ಮೇಲೇರುವಾಗ 240ಕ್ಕೆ ಮುಟ್ಟಿತು. ಗೂಡು ಕಾದುಹೋಯಿತು. ಐದರಿಂದ ಏಳು ಗಂಟೆಗಳೊಳಗೆ ಜೀವದ ಸುಳಿವು ನಿಂತಿತು.

ಯಂತ್ರ ಸುಳ್ಳು ಹೇಳಲಿಲ್ಲ. ಹೇಳಿದವರು ಆಳುವವರು. ನಾಯಿ ದಿನಗಟ್ಟಲೆ ಬದುಕಿತ್ತೆಂದು ಲೋಕವನ್ನು ನಂಬಿಸಿದರು. ನಿಜ ಹೊರಬಿದ್ದದ್ದು 2002ರಲ್ಲಿ, ವಿಜ್ಞಾನಿ ಮಲಾಶೆಂಕೋವ್ ಹ್ಯೂಸ್ಟನ್ನಿನ ಸಮ್ಮೇಳನದಲ್ಲಿ ಬಾಯಿಬಿಟ್ಟಾಗ. ಅದಕ್ಕೂ ಮೊದಲು, 1998ರಲ್ಲಿ, ಆ ಪ್ರಯೋಗದಲ್ಲಿದ್ದ ಗಾಜೆಂಕೊ, ನಾಯಿಯ ಸಾವಿಗೆ ತಕ್ಕಷ್ಟು ನಾವು ಕಲಿಯಲಿಲ್ಲವೆಂದು ಮರುಗಿದ್ದರು. ಅಮೆರಿಕದವರೂ ಕೋತಿಗಳನ್ನು ಕೊಂದರಲ್ಲವೇ ಎಂಬ ಸಮಾಧಾನ ಸಮಾಜವಾದಿಗಳಿಗೆ ಬೇಡ.

ಇಂದು ಪ್ರಯೋಗಶಾಲೆಗಳಲ್ಲಿ ಇಲಿಯ ಮೈಯೊಳಗೇ ಪುಟ್ಟ ಪ್ರೇಷಕವನ್ನಿಟ್ಟು, ಅದನ್ನು ಕಟ್ಟಿಹಾಕದೆ ನಾಡಿ ಅಳೆಯುತ್ತಾರೆ. ಒಳ್ಳೆಯದೇ. ಆದರೆ ಜನರ ಹಣದಿಂದ ನಡೆಯುವ ಪ್ರಯೋಗದಲ್ಲಿ ಬಂದ ಅಂಕಿಗಳ ಜೊತೆಗೆ ಸತ್ತ ಪ್ರಾಣಿಗಳ ಲೆಕ್ಕವೂ ಅಚ್ಚಾಗಬೇಕು; ನಲವತ್ತೈದು ವರ್ಷ ಕಾಯಿಸಿ ಅಲ್ಲ, ಆ ವರ್ಷವೇ.