ಅಡಿಗೆ ಮಾಡಿದವಳೂ ಕುಳಿತು ಉಣ್ಣಲಿ

ನಮ್ಮ ಹೈಸ್ಕೂಲಿನ ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೂ ಬರೆದು ಕಳುಹಿಸಬೇಕೆಂದು ಪತ್ರ ಬಂದಾಗ, ವಿದ್ಯೆ, ಶೀಲ, ಸೇವೆ ಮುಂತಾದ ಘನವಾದ ವಿಷಯಗಳನ್ನು ಬರೆಯುವುದಕ್ಕೆ ನನಗಿಂತ ಯೋಗ್ಯರಾದವರು ಅನೇಕರಿರುವರೆಂದು ಎಣಿಸಿ, ನಾನು ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡೆನು. ಅದು ಹಗಲೆಲ್ಲಾ ದುಡಿದು ಮನೆಗೆ ಬಂದ ದಿನದ ರಾತ್ರಿಯ ಊಟ. ವಿಷಯವು ಸಣ್ಣದಾದರೂ ವಾರಕ್ಕೆ ಐದಾರು ಸಾರಿ ನಮ್ಮೆದುರಿಗೆ ಬಂದು ನಿಲ್ಲುವಂಥದು. ಅದರಲ್ಲಿ ಒಬ್ಬಳ ಆಯುಷ್ಯದ ದೊಡ್ಡ ಪಾಲು ಸದ್ದಿಲ್ಲದೆ ಕಳೆದುಹೋಗುವದು.

ನನ್ನ ತಾಯಿಯವರು ಬಿಸಿ ದೋಸೆಯನ್ನು ತಿಂದುದನ್ನು ನಾನು ಒಮ್ಮೆಯೂ ಕಂಡವಳಲ್ಲ. ಕಾವಲಿಯಿಂದ ಎದ್ದ ದೋಸೆಯು ಮೊದಲು ತಂದೆಯವರ ತಟ್ಟೆಗೆ, ಬಳಿಕ ಅಣ್ಣಂದಿರ ತಟ್ಟೆಗೆ, ಆಮೇಲೆ ನಮ್ಮ ತಟ್ಟೆಗೆ ಹೋಗುತ್ತಿತ್ತು. ಎಲ್ಲರೂ ಕೈ ತೊಳೆದು ಎದ್ದ ಮೇಲೆ, ಒಲೆಯ ಬಳಿಯಲ್ಲೇ ಮಣೆ ಹಾಕಿ, ಆರಿಹೋದ ಕೊನೆಯ ಎರಡನ್ನು ಅವರೊಬ್ಬರೇ ತಿನ್ನುತ್ತಿದ್ದರು. ನಾವು ಅದನ್ನು ಪ್ರೀತಿಯೆಂದು ಕರೆದೆವು. ಪ್ರೀತಿಯೇ ಹೌದು, ಆದರೆ "ಅಮ್ಮಾ, ಇವತ್ತು ನೀನು ಕೂತುಕೋ" ಎಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ಮುಂದೆ ನಾನೂ ಶಾಲೆಯಲ್ಲಿ ಪಾಠ ಹೇಳಿ ಬಂದು ಮೂವತ್ತು ವರುಷ ಅದೇ ರೀತಿಯಾಗಿ ನಡೆದೆನು. ಹಾಗೆ ನಡೆದುದಕ್ಕಾಗಿ ಒಳಗೊಳಗೇ ಹೆಮ್ಮೆಪಟ್ಟೆನು.

ಆ ಹೆಮ್ಮೆಯು ಮುರಿದದ್ದು ಇಂಗ್ಲೆಂಡಿನಲ್ಲಿ. ನನ್ನ ಮಗಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಅಳಿಯಂದಿರೂ ಕೆಲಸಕ್ಕೆ ಹೋಗುವವರು. ಕಳೆದ ಚಳಿಗಾಲದಲ್ಲಿ ನಾನು ಅವರ ಮನೆಯಲ್ಲಿದ್ದೆನು. ಒಂದು ಸಂಜೆ ಆರೂವರೆಗೆ ಅವಳು ಕೆಲಸದಿಂದ ಬಂದವಳೇ, "ಅಮ್ಮಾ, ಇನ್ನು ಅರ್ಧ ಗಂಟೆಯೊಳಗೆ ಊಟ, ಈ ರಾತ್ರಿ ಸಾಸೇಜೂ ಪೆಸ್ಟೊವೂ ಕೂಡಿಸಿದ ಪಾಸ್ತಾ" ಎಂದಳು. ಸಮುದ್ರ ದಾಟಿ ಬಂದ ತಾಯಿಗೆ ಅರ್ಧ ಗಂಟೆಯ ಅಡಿಗೆಯೇ ಎಂದು ನನ್ನ ಮನಸ್ಸು ಸ್ವಲ್ಪ ನೊಂದಿತು. ಆದರೂ ಮಾತಾಡದೆ ಕುಳಿತು ನೋಡಿದೆನು.

ಅವಳು ಮೊದಲು ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರನ್ನು ಒಲೆಯ ಮೇಲಿಟ್ಟಳು. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು ಎಂಬುದು ಇಟಲಿಯವರ ಲೆಕ್ಕ. ಸಾಸೇಜಿನಲ್ಲಿಯೂ ಚೀಸಿನಲ್ಲಿಯೂ ಉಪ್ಪು ಇರುವುದರಿಂದ ಅವಳು 30 ಗ್ರಾಮಿಗೆ ನಿಲ್ಲಿಸಿದಳು. ನೀರು ಕಾಯುವಷ್ಟರಲ್ಲಿ 300 ಗ್ರಾಂ ಹಂದಿಮಾಂಸದ ಹಸಿ ಸಾಸೇಜುಗಳ ತೊಗಲನ್ನು ಸುಲಿದು, ಒಳಗಿನ ಮಾಂಸವನ್ನು ಬೆರಳುಗಳಿಂದ ಬಿಡಿಸಿ ಬಾಣಲೆಗೆ ಹಾಕಿ, ಚಿಟಿಕೆ ಸೋಂಪು ಉದುರಿಸಿ, ಕೈ ತೊಳೆದು ಬಂದು ಹುರಿಯತೊಡಗಿದಳು. ಹೊರಗೆ ಕೆಂಪಗಾದ ಮಾತ್ರಕ್ಕೆ ಹಂದಿಯ ಮಾಂಸವು ಬೆಂದಿತೆಂದು ನಂಬಕೂಡದು. ಒಳಗಿನ ಬಿಸಿಯು 71 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಬೇಕು. ಅವಳು ಮಾಂಸವನ್ನು ಒಂದೆಡೆಗೆ ಒತ್ತಿ ಉಷ್ಣಮಾಪಕವನ್ನು ಚುಚ್ಚಿ ನೋಡಿದಳು. ಅವಸರದ ಅಡಿಗೆಯಲ್ಲಿಯೂ ಅವಸರಪಡಬಾರದ ಸ್ಥಳವೊಂದುಂಟೆಂಬುದನ್ನು ಅಲ್ಲಿ ಕಂಡೆನು.

ನೀರು ಮರಳಿದಾಗ 400 ಗ್ರಾಂ ಪಾಸ್ತಾ ಅದಕ್ಕೆ ಬಿದ್ದಿತು. ಹನ್ನೊಂದು ನಿಮಿಷ ಬೇಯತಕ್ಕದ್ದು. ಕೊನೆಯ ಐದು ನಿಮಿಷ ಇರುವಾಗ ಹೆಚ್ಚಿದ ಹುರುಳಿಕಾಯಿಯೂ ಅದೇ ಪಾತ್ರೆಯೊಳಗೆ ಸೇರಿತು. ಬಸಿಯುವ ಮುಂಚೆ ಒಂದು ಬಟ್ಟಲು ನೀರನ್ನು ತೆಗೆದಿಟ್ಟಳು. ಅನ್ನ ಬಸಿದ ಗಂಜಿಯ ಗುಣವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ಪಾಸ್ತಾದ ಹಿಟ್ಟು ಕರಗಿರುವ ಆ ನೀರು ಎಣ್ಣೆಯನ್ನೂ ಚೀಸನ್ನೂ ಬೇರೆಬೇರೆಯಾಗಿ ನಿಲ್ಲಗೊಡದೆ ಒಂದುಗೂಡಿಸುವದು. ಬಸಿದುದನ್ನು ಸಾಸೇಜಿನ ಬಾಣಲೆಗೆ ಸುರಿದು, ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಪೆಸ್ಟೊವನ್ನು ಕಲಸಿದಳು. ಯಾಕಂದರೆ ಬೆಂಕಿಯ ಮೇಲೆ ಅದರ ಹಸುರು ಕಂದಿ, ಪರಿಮಳವು ಹಾರಿಹೋಗುವದು.

ಈ ಪೆಸ್ಟೊ ಎಂಬುದು ಇಟಲಿಯ ಲಿಗೂರಿಯಾ ಪ್ರಾಂತದ ಜೆನೋವಾ ಪಟ್ಟಣದ್ದು. ಹೆಸರಿನ ಅರ್ಥವೇ ಕುಟ್ಟಿದ್ದು ಎಂಬುದಾಗಿದೆ. ಬೆಸಿಲ್ ಎಂಬ ಗಿಡದ ಎಲೆ, ಬೆಳ್ಳುಳ್ಳಿ, ಪೈನ್ ಮರದ ಬೀಜ, ಹರಳುಪ್ಪು, ಎರಡು ಬಗೆಯ ಗಟ್ಟಿ ಚೀಸು, ಆಲಿವ್ ಎಣ್ಣೆ, ಇಷ್ಟನ್ನು ಅಮೃತಶಿಲೆಯ ಒರಳಿನಲ್ಲಿ ಮರದ ಪುಟ್ಟ ಒನಕೆಯಿಂದ ಅರೆಯುವುದು ಅಲ್ಲಿಯ ಪದ್ಧತಿ. ಬೆಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯೇ. ತುಳಸಿಗೆ ಹತ್ತಿರದ ನಂಟು, ತುಳಸಿಯಲ್ಲ. ಜೆನೋವಾದ ಬೆಸಿಲ್ ಸೊಪ್ಪಿಗೆ 2005ರಿಂದ ಯೂರೋಪಿನ ಕಾನೂನಿನ ರಕ್ಷಣೆಯೂ ಉಂಟು. ಜೆನೋವಾದವರು ಪೆಸ್ಟೊವಿಗೆ ಸಾಸೇಜನ್ನು ಕೂಡಿಸುವುದು ವಾಡಿಕೆಯಲ್ಲ. ಆಲೂಗಡ್ಡೆ, ಹುರುಳಿಕಾಯಿಗಳನ್ನು ಪಾಸ್ತಾದೊಂದಿಗೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಕಲಸುವರು. ಸಾಸೇಜನ್ನು ಕೂಡಿಸುವುದು ಇಂಗ್ಲೆಂಡ್, ಅಮೆರಿಕಾಗಳಲ್ಲಿ ದುಡಿಯುವವರ ಅಡಿಗೆಮನೆಗಳಲ್ಲಿಯೂ ಕಾಣುವ ರೂಢಿ.

ಹೀಗೆ ನಿಧಾನವಾಗಿ ಕುಟ್ಟಬೇಕಾದ ಪದಾರ್ಥವು ಅರ್ಧ ಗಂಟೆಯ ಊಟದೊಳಗೆ ಹೇಗೆ ಬಂದಿತು? ಕೇಳಿದಾಗ ಮಗಳು ಶೀತಪೆಟ್ಟಿಗೆಯನ್ನು ತೆರೆದು ತೋರಿಸಿದಳು. ಬಿಡುವಿದ್ದ ಒಂದು ಶನಿವಾರ ಮಧ್ಯಾಹ್ನ ಅಳಿಯಂದಿರೂ ಅವಳೂ ಸೇರಿ, ಚೀಸನ್ನು ಮಾತ್ರ ಬಿಟ್ಟು ಉಳಿದುದನ್ನೆಲ್ಲ ಅರೆದು, ಮಂಜುಗಡ್ಡೆಯ ಅಚ್ಚಿನಲ್ಲಿ ತುಂಬಿ ಹೆಪ್ಪುಗಟ್ಟಿಸಿಟ್ಟಿದ್ದರು. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಟ್ಟರೆ ಘೋರವಾದ ವಿಷವು ಹುಟ್ಟಬಹುದಾದುದರಿಂದ, ಅದನ್ನು ಕಪಾಟಿನಲ್ಲಿ ಇಡುವುದೇ ಇಲ್ಲವೆಂದೂ ಹೇಳಿದಳು. ಬಿಡುವಿಲ್ಲದ ವಾರಗಳಲ್ಲಿ ಅಂಗಡಿಯ ಸೀಸೆಯನ್ನೇ ತರುವರು. ಅವುಗಳಲ್ಲಿ ಅನೇಕವು ಗೋಡಂಬಿ ಮತ್ತು ಸೂರ್ಯಕಾಂತಿ ಎಣ್ಣೆಯಿಂದ ಮಾಡಿದವು, ಆದುದರಿಂದ ಚೀಟಿಯನ್ನು ಓದಿ ಕೊಳ್ಳಬೇಕು. ಸಂಜೆಯ ಶೀಘ್ರತೆಯು ಹಿಂದಿನ ದಿನದ ಸಿದ್ಧತೆಯ ಮೇಲೆ ನಿಂತಿರುತ್ತದೆ.

ಅಂದು ಹುರುಳಿಕಾಯಿಯನ್ನು ಹೆಚ್ಚಿದವರು ಅಳಿಯಂದಿರು. ಚೀಸನ್ನು ತುರಿದು, ತಟ್ಟೆ ಚಮಚಗಳನ್ನು ಇಟ್ಟವನು ಹನ್ನೊಂದು ವರುಷದ ಮೊಮ್ಮಗ. ಏಳು ಗಂಟೆಗೆ ಮೂವರೂ ಕುಳಿತರು. ನಾನು ಮಾತ್ರ ಅಭ್ಯಾಸದ ಬಲದಿಂದ, ಬಡಿಸುವುದಕ್ಕೆಂದು ಮೇಜಿನ ಬಳಿಯಲ್ಲಿ ನಿಂತೇ ಇದ್ದೆನು. ಆಗ ಮಗಳು ನನ್ನ ಕೈ ಹಿಡಿದು, "ಬಡಿಸುವುದಕ್ಕೆ ಏನೂ ಉಳಿದಿಲ್ಲ, ಅಮ್ಮಾ. ಇದು ಕಾಯುವ ಊಟವಲ್ಲ, ಆರಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಇವತ್ತು ನೀನು ಕೂತುಕೋ" ಎಂದಳು. ನನ್ನ ತಾಯಿಗೆ ನಾವಾರೂ ಹೇಳದ ಮಾತನ್ನು ನನ್ನ ಮಗಳು ನನಗೆ ಹೇಳಿದಳು. ನಾನು ಕುಳಿತೆನು. ಬಿಸಿಯಾಗಿಯೇ ಉಂಡೆನು.

ಅಂದಿನಿಂದ ನನ್ನ ಅಭಿಪ್ರಾಯವು ಬದಲಾಗಿದೆ. ಆ ಊಟದ ದೊಡ್ಡ ಗುಣವು ಅದರ ಶೀಘ್ರತೆಯಲ್ಲ. ಎಲ್ಲವೂ ಒಂದೇ ಕ್ಷಣದಲ್ಲಿ ಸಿದ್ಧವಾಗಿ, ಅಡಿಗೆ ಮಾಡಿದವಳನ್ನೂ ಉಳಿದವರೊಂದಿಗೆ ಕುಳ್ಳಿರಿಸುವುದೇ ಅದರ ಗುಣ. ದೋಸೆ ಚಪಾತಿಗಳನ್ನು ನಾನು ಹಳಿಯುವವಳಲ್ಲ. ಆದರೆ ಒಂದೊಂದಾಗಿ ಬಿಸಿಬಿಸಿಯಾಗಿ ಬೇಕೆಂಬ ತಿಂಡಿಯು ಒಬ್ಬಳನ್ನು ಒಲೆಯ ಬಳಿ ನಿಲ್ಲಿಸುತ್ತದೆ. ಅದು ಬಿಡುವಿನ ದಿನಕ್ಕಿರಲಿ. ದುಡಿದು ಬಂದ ಸಂಜೆಗೆ ಒಮ್ಮೆಲೇ ಇಳಿಯುವ ಅಡಿಗೆ ಲೇಸು. ಅದು ಪಾಸ್ತಾವೇ ಆಗಬೇಕೆಂದಿಲ್ಲ, ನಮ್ಮ ಬಿಸಿಬೇಳೆ ಅನ್ನವೂ ಆಗಬಹುದು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಅರ್ಧ ಗಂಟೆಯ ಅಡಿಗೆಯು ಸೋಮಾರಿತನವೆಂದು ಕೆಲವು ಹಿರಿಯರು ಹೇಳುವರು. ಎಂಟು ಗಂಟೆ ರೋಗಿಗಳ ಬಳಿ ನಿಂತು ಬಂದವಳನ್ನು ಸೋಮಾರಿಯೆನ್ನಲು ನನ್ನ ನಾಲಿಗೆ ಏಳದು. ಇಂಥ ಮಾಂಸವು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಇನ್ನು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯವುಂಟು. ಸಂಸ್ಕರಿಸಿದ ಮಾಂಸವು ಕರುಳಿನ ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ತೀರ್ಮಾನಿಸಿತು. ಆದುದರಿಂದ ಸಾಸೇಜು ಅಪರೂಪಕ್ಕೆ ಬರಲಿ; ಉಳಿದ ದಿನಗಳಲ್ಲಿ ಜೆನೋವಾದವರಂತೆ ಆಲೂಗಡ್ಡೆ ಹುರುಳಿಕಾಯಿಗಳೇ ಸಾಕು. ಪೈನ್ ಬೀಜವೂ ಆ ಚೀಸುಗಳೂ ನಮ್ಮ ದೇಶದಲ್ಲಿ ಬಹಳ ತುಟ್ಟಿಯೆಂಬುದೂ ನಿಜ. ಗೋಡಂಬಿಯನ್ನು ಹಾಕಿ ಅರೆದರೆ ಜೆನೋವಾದವರು ಅದನ್ನು ತಮ್ಮದೆಂದು ಒಪ್ಪಲಾರರು, ಆದರೆ ಮಕ್ಕಳು ಒಪ್ಪುವರು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಿ ಮುಗಿಸುವೆನು. ಅಡಿಗೆಯಲ್ಲಿ ಉಳಿಸಿದ ಗಂಟೆಯು ಬಟ್ಟೆಯ ರಾಶಿಗೋ ಪಾತ್ರೆಯ ರಾಶಿಗೋ ಹೋಗಿ, ಅವಳೊಬ್ಬಳ ಪಾಲಿಗೇ ಬಿದ್ದರೆ ಲಾಭವೇನು? ಪ್ರಿಯ ಸಹೋದರಿಯರೇ, ಪೋಷಕರೇ, ನಿಮ್ಮ ಹೆಣ್ಣುಮಕ್ಕಳನ್ನು ನೀವು ಈ ಶಾಲೆಗೆ ಕಳುಹಿಸಿ ವಿದ್ಯಾವಂತರನ್ನಾಗಿ ಮಾಡಿದಿರಿ. ಅವರು ಹೊರಗೆ ದುಡಿಯುವವರೂ ಆದರು. ಇನ್ನು ನಿಮ್ಮ ಗಂಡುಮಕ್ಕಳ ಕೈಗೆ ಹುರುಳಿಕಾಯಿಯನ್ನೂ ಚೂರಿಯನ್ನೂ ಕೊಡಿರಿ. ನನ್ನ ಮೊಮ್ಮಗನು ಅಂದು ಊಟವಾದ ಮೇಲೆ ಯಾರೂ ಹೇಳದೆ ತಟ್ಟೆಗಳನ್ನು ಎತ್ತಿಕೊಂಡು ಹೋದನು. ಅವನ ಮನೆಯಲ್ಲಿ ಮುಂದೆ ಯಾವಳೂ ಒಬ್ಬಳೇ ಕುಳಿತು ಆರಿದ ಅನ್ನವನ್ನು ಉಣ್ಣಲಾರಳೆಂದು ನಾನು ನಂಬಿದ್ದೇನೆ.