ಮಾವನ ಕಾರಿನ ಒಳಮೈ

ಕಳೆದ ಎರಡು ತಿಂಗಳುಗಳಿಂದ ಈ ಅಂಕಣದ ಬರಹವು ಸಂಪಾದಕರ ಕೈಸೇರಲು ತಡವಾಗುತ್ತಿರುವುದನ್ನು ವಾಚಕರು ಗಮನಿಸಿರಲಾರರು. ಸಂಪಾದಕರು ಮಾತ್ರ ಚೆನ್ನಾಗಿಯೇ ಗಮನಿಸಿದ್ದಾರೆ. ಅದರ ಕಾರಣವನ್ನು ಇಂದು ಒಪ್ಪಿಸುತ್ತೇವೆ. ಶಾಲೆಯ ಕೆಲಸದ ಒತ್ತಡವಲ್ಲ, ಅನಾರೋಗ್ಯವೂ ಅಲ್ಲ. ನಾವು ಒಂದು ಹಳೆಯ ಕಾರಿನೊಳಗೆ ಕುಳಿತಿದ್ದೆವು.

ಕಾರು ನಮ್ಮದಲ್ಲ, ದಿವಂಗತ ಸೋದರಮಾವನವರದು. 1969ರ ಅಂಬಾಸಿಡರ್, ಮಾರ್ಕ್ 2. ಅಂದಿನ ದಿನಗಳಲ್ಲಿ ಹಣವಿದ್ದವನಿಗೂ ಕಾರು ಕೂಡಲೇ ಸಿಗುತ್ತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಮಾವನವರೂ ಹಾಗೆ ಕಾದು ಪಡೆದ ವಾಹನವದು. ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗೆ ಇದ್ದ ಕಾಲ. ನಮ್ಮ ಊರಿನ ಮಣ್ಣುರಸ್ತೆಯಲ್ಲಿ ಅದೊಂದೇ ಕಾರು. ಆದುದರಿಂದ ಅದು ಮಾವನವರ ಕಾರಾಗಿ ಉಳಿದದ್ದು ಹೆಸರಿಗೆ ಮಾತ್ರ. ಹೆರಿಗೆಗೆ, ಹಾವು ಕಚ್ಚಿದವರಿಗೆ, ಮದುಮಕ್ಕಳಿಗೆ, ಒಮ್ಮೊಮ್ಮೆ ಪರೀಕ್ಷೆಗೆ ತಡವಾದ ವಿದ್ಯಾರ್ಥಿಗೂ ಅದೇ ವಾಹನ. ಮಾವನವರು ತೀರಿಕೊಂಡ ಬಳಿಕ ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ಹದಿನೈದು ಮಳೆಗಾಲಗಳನ್ನು ಕಳೆಯಿತು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ, ನಮ್ಮ ಭಾವ, ಫೋನು ಮಾಡಿ, "ಭಾವಾ, ಎಂಜಿನ್ನು ಒಬ್ಬರು ನೋಡಿಕೊಳ್ಳುತ್ತಾರೆ. ಒಳಗಿನ ಕೆಲಸವನ್ನು ನೀವು ನಿಂತು ಮಾಡಿಸಬೇಕು. ಹೊಸದರ ಹಾಗೆ ಆಗಲಿ" ಎಂದರು. ನಾವು ಒಪ್ಪಿದೆವು. ನಿಂತು ಮಾಡಿಸುವುದೆಂದರೆ ಅಧ್ಯಾಪಕರಿಗೆ ಅಭ್ಯಾಸವಾದ ಕೆಲಸವಲ್ಲವೇ?

ಈ ಕಾರಿನ ಮೂಲ ನಮ್ಮ ದೇಶದ್ದಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಸಮೀಪದ ಕೌಲಿಯಲ್ಲಿ ತಯಾರಾಗುತ್ತಿದ್ದ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯೇ ಇದರ ತಾಯಿ. ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು ಅದಕ್ಕೆ ಅಂಬಾಸಿಡರ್ ಎಂಬ ಹೆಸರಿಟ್ಟರು. ತಾಯಿ ತನ್ನ ದೇಶದಲ್ಲಿ ಕೆಲವೇ ವರ್ಷಗಳಲ್ಲಿ ಕಣ್ಮರೆಯಾದಳು. ಮಗಳು ಮಾತ್ರ 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಕೆಲಸ ನಿಲ್ಲುವವರೆಗೂ ಬಾಳಿದಳು. ಇಷ್ಟು ದೀರ್ಘಕಾಲ ತಯಾರಾದ ವಾಹನವಾದುದರಿಂದ ಬಿಡಿಭಾಗಗಳಿಗೆ ಬರವಿಲ್ಲವೆಂದು ನಾವು ಭಾವಿಸಿದ್ದೆವು. ಎಂಜಿನ್ನಿನ ಮಟ್ಟಿಗೆ ಅದು ಬಹುಪಾಲು ನಿಜ. ಒಳಮೈಯ ಮಾತು ಬೇರೆ. ಕಿಟಕಿಯ ಹಿಡಿಕೆ, ಬಾಗಿಲಿನ ಬಿಲ್ಲೆ, ದೀಪದ ಗುಂಡಿ ಇವೆಲ್ಲ ಮಾದರಿಯಿಂದ ಮಾದರಿಗೆ ಬದಲಾಗಿವೆ. 1990ರ ಕಾರಿನ ಹಿಡಿಕೆಯನ್ನು 1969ರ ಬಾಗಿಲಿಗೆ ಹಾಕಿದರೆ ಅಜ್ಜನ ತಲೆಗೆ ಮೊಮ್ಮಗನ ಟೊಪ್ಪಿಯಿಟ್ಟಂತೆ ಕಾಣುತ್ತದೆ.

ಶೆಡ್ಡಿನ ಬಾಗಿಲು ತೆರೆದ ದಿನ ಮೊದಲು ಎದುರಾದದ್ದು ವಾಸನೆ. ಸೀಟುಗಳ ಮೇಲೆ ಬೂಷ್ಟು ಹಿಡಿದು ಬಿಳಿಯ ಹೊದಿಕೆಯಂತಾಗಿತ್ತು. ಮಾಡಿನ ಬಟ್ಟೆ ಜೋತುಬಿದ್ದಿತ್ತು. ಹಿಂದಿನ ಸೀಟಿನೊಳಗೆ ಇಲಿಯ ಸಂಸಾರ. ಕುಶನ್ ಕೆಲಸಕ್ಕೆಂದು ನಾವು ಕರೆತಂದವನು ನಮ್ಮಲ್ಲಿಯೇ ಐದನೆಯ ತರಗತಿಯವರೆಗೆ ಓದಿದ ಹುಡುಗ. ಹುಡುಗನೆಂದರೆ ಈಗ ಅವನಿಗೂ ನಲವತ್ತು ದಾಟಿದೆ. ನಾವು ಸೀಟಿನ ಬಣ್ಣದ ಮಾತೆತ್ತಿದರೆ ಅವನು ಸೀಟನ್ನು ನೋಡಲೇ ಇಲ್ಲ. ಒಂದು ಬಾಲ್ದಿ ನೀರು ತರಿಸಿ ಮುಂದಿನ ಗಾಜಿನ ಮೇಲೆ ಸುರಿದನು. ಒಳಗೆ ಪೆಡಲುಗಳ ಮೇಲೆ ನೀರು ತೊಟ್ಟಿಕ್ಕತೊಡಗಿತು.

"ಮಾಷ್ಟ್ರೇ, ಇದು ನಿಲ್ಲದೆ ನಾನು ಸೂಜಿ ಮುಟ್ಟುವುದಿಲ್ಲ" ಎಂದನು.

ಆ ದಿನ ಶಿಷ್ಯನಿಂದ ಕಲಿತ ಮೊದಲ ಪಾಠವಿದು: ಒಳಮೈಯ ರೋಗವೆಲ್ಲ ಹೊರಗಿನಿಂದ ಬರುತ್ತದೆ. ಗಾಜಿನ ಸುತ್ತಲಿನ ರಬ್ಬರು ಗಟ್ಟಿಯಾಗಿ ಬಿರಿದರೆ ನೀರು ಇಳಿಯುತ್ತದೆ. ನೆಲಹಾಸಿನ ಅಡಿಯ ಗೋಣಿಯು ಅದನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ; ಅದರ ಅಡಿಯ ತಗಡು ಸದ್ದಿಲ್ಲದೆ ತುಕ್ಕಾಗುತ್ತದೆ. ನೆಲಹಾಸನ್ನು ಎತ್ತಿದಾಗ ಚಾಲಕನ ಕಾಲಡಿಯಲ್ಲಿ ಶೆಡ್ಡಿನ ನೆಲ ಕಾಣಿಸಿತು! ಆದುದರಿಂದ ಮೊದಲು ಬ್ಯಾಟರಿಯ ತಂತಿ ಕಳಚಿ, ರಬ್ಬರುಗಳನ್ನು ಬದಲಿಸಿ, ಟಿಂಕರಿಂಗಿನವರಿಂದ ತಗಡಿನ ಕೆಲಸ ಮುಗಿಸಿ, ಬಣ್ಣ ಒಣಗಿದ ಮೇಲೆಯೇ ಒಳಗಿನ ಮಾತು. ಸೀಟನ್ನು ಮೊದಲು ಹೊಲಿಸಿ ಸೋರಿಕೆಯನ್ನು ಆಮೇಲೆ ನೋಡಿಕೊಳ್ಳುವವರು ಎರಡು ಬಾರಿ ಹಣ ತೆರುತ್ತಾರೆ.

ಕಳಚುವ ಕೆಲಸದಲ್ಲಿ ನಮ್ಮ ವೃತ್ತಿಯೂ ಸ್ವಲ್ಪ ಉಪಯೋಗಕ್ಕೆ ಬಂತು. ಸೀಮೆಸುಣ್ಣದ ಖಾಲಿ ಪೆಟ್ಟಿಗೆಗಳನ್ನು ಶಾಲೆಯಿಂದ ತಂದು, ಒಂದೊಂದಕ್ಕೂ ಚೀಟಿ ಅಂಟಿಸಿ, ಮುಂದಿನ ಎಡಬಾಗಿಲಿನ ಸ್ಕ್ರೂಗಳು ಒಂದರಲ್ಲಿ, ಬಲಬಾಗಿಲಿನವು ಇನ್ನೊಂದರಲ್ಲಿ ಎಂಬಂತೆ ತುಂಬಿಸಿದೆವು. ನೋಟುಪುಸ್ತಕದಲ್ಲಿ ಚಿತ್ರ ಬರೆದೆವು. ಮಗಳು ಮೊಬೈಲಿನಲ್ಲಿ ಫೋಟೋ ತೆಗೆದಳು. ಫೋಟೋ ಮತ್ತು ಚಿತ್ರಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದೆಂದು ಹೇಳಿ ಮನೆಯಲ್ಲಿ ಕಲಹ ಹೂಡುವ ಇಚ್ಛೆ ನಮಗಿಲ್ಲ.

ಕಿಟಕಿಯ ಹಿಡಿಕೆಯಲ್ಲಿ ಹೊರಗೆ ಎಲ್ಲಿಯೂ ಸ್ಕ್ರೂ ಕಾಣಿಸಲಿಲ್ಲ. ಬಲಪ್ರಯೋಗಕ್ಕೆ ಸಿದ್ಧರಾಗಿದ್ದ ನಮ್ಮನ್ನು ಶಿಷ್ಯನು ತಡೆದನು. ಹಿಡಿಕೆಯ ಬುಡದ ದುಂಡು ಬಿಲ್ಲೆಯನ್ನು ಸ್ಪ್ರಿಂಗಿನ ವಿರುದ್ಧ ಒಳಕ್ಕೆ ಒತ್ತಿಹಿಡಿದರೆ ಒಂದು ಸಣ್ಣ ಪಿನ್ನು ಕಾಣುತ್ತದೆ. ಅದನ್ನು ಮೊಳೆಯಿಂದ ಹೊರದೂಡಿದರೆ ಹಿಡಿಕೆ ತಾನಾಗಿ ಕೈಗೆ ಬರುತ್ತದೆ. ಬಾಗಿಲಿನ ಒಳಹಲಗೆಯು ಹಾರ್ಡ್‌ಬೋರ್ಡಿನದು, ಅಂಚಿನುದ್ದಕ್ಕೂ ಸ್ಪ್ರಿಂಗ್ ಕ್ಲಿಪ್ಪುಗಳಿಂದ ನಿಂತಿರುತ್ತದೆ. ಕಿಟಕಿಯ ಗಾಜಿನ ಸಂದಿನಿಂದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜವೇ. ಅದು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ತೂತುಗಳಿವೆ. ತೂತುಗಳಲ್ಲಿ ಮಣ್ಣು ಕಟ್ಟಿದರೆ ನೀರು ನಿಂತು ಹಲಗೆಯ ಕೆಳಗಿನ ಅಂಚು ಹಪ್ಪಳದಂತೆ ಉಬ್ಬುತ್ತದೆ. ಹಲಗೆಯ ಹಿಂಬದಿಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಅದರ ತುದಿಯನ್ನು ಬಾಗಿಲಿನೊಳಗೆ ಇಳಿಬಿಟ್ಟರೆ ನೀರು ಹಲಗೆಯನ್ನು ಮುಟ್ಟದೆ ಜಾರುತ್ತದೆ. ಹಳೆಯ ಕಾರಿರುವ ವಾಚಕರು ಬೇರೇನನ್ನೂ ಮಾಡದಿದ್ದರೂ ಇಡವಪಾತಿ ಆರಂಭವಾಗುವ ಮುನ್ನ ಆ ತೂತುಗಳಿಗೆ ಒಂದು ಹಿಡಿಕಡ್ಡಿಯನ್ನು ತೂರಿಸಿ ನೋಡಲಿ.

ಇನ್ನು ಸೀಟು. ಎದುರಿನದು ಬೆಂಚಿನಂತೆ ಒಂದೇ ಉದ್ದ; ಗೇರು ಸ್ಟಿಯರಿಂಗಿನ ಕಂಬದಲ್ಲಿರುವುದರಿಂದ ಮೂವರು ನಿರಾತಂಕವಾಗಿ ಕೂರಬಹುದು, ನಾಲ್ವರು ಕೂತದ್ದನ್ನೂ ನಾವು ಬಲ್ಲೆವು. ಬಿಚ್ಚಿದಾಗ ತಳದಲ್ಲಿ ಉಕ್ಕಿನ ಸುರುಳಿಗಳು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ನಮ್ಮದೇ ನಾಡಿನ ತೆಂಗಿನ ನಾರು, ಆಮೇಲೆ ಹತ್ತಿ, ಕೊನೆಗೆ ರೆಕ್ಸಿನ್. ರೆಕ್ಸಿನ್ ಎಂಬುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಒಂದು ಕಂಪೆನಿಯ ಸರಕಿನ ಹೆಸರು. ನಮ್ಮಲ್ಲಿ ಕೃತಕ ಚರ್ಮಕ್ಕೆಲ್ಲ ಅದೇ ಹೆಸರಾಗಿ ನಿಂತುಬಿಟ್ಟಿದೆ. ಸುರುಳಿಗಳ ನಡುವೆ ಒಂದು ಹೇರ್‌ಪಿನ್ನು, ಎರಡು ಗೋಟಡಿಕೆ, ತಾವರೆಯ ಚಿತ್ರವಿದ್ದ ಹಳದಿ ಬಣ್ಣದ ಇಪ್ಪತ್ತು ಪೈಸೆಯ ನಾಣ್ಯವೊಂದು ಸಿಕ್ಕಿದವು. ಹಳೆಯ ಹೊದಿಕೆಯನ್ನು ಹರಿಯದೆ ಹೊಲಿಗೆ ಬಿಚ್ಚಿ, ತುಂಡುಗಳಿಗೆ ಸಂಖ್ಯೆ ಬರೆದು, ಅವನ್ನೇ ಅಳತೆಯಾಗಿ ಇಟ್ಟುಕೊಂಡು ಹೊಸದನ್ನು ಕತ್ತರಿಸಬೇಕು. ಅಲ್ಲಿಯೂ ಒಂದು ಎಚ್ಚರ: ಐವತ್ತು ವರ್ಷ ಜನ ಕುಳಿತ ಹೊದಿಕೆ ಹಿಗ್ಗಿರುತ್ತದೆ, ಅದೇ ಅಳತೆಗೆ ಹೊಲಿದರೆ ಹೊಸ ಸೀಟು ಸುಕ್ಕುಗಟ್ಟುತ್ತದೆ. ಹತ್ತಿಯ ನೂಲು ನಮ್ಮ ತೇವಕ್ಕೆ ಕೊಳೆಯುವುದರಿಂದ ಪಾಲಿಯೆಸ್ಟರ್ ನೂಲೇ ಆಗಬೇಕು. ಹೊಳಪಿಗೆಂದು ಸೀಟಿಗೆ ತೆಂಗಿನೆಣ್ಣೆ ಸವರುವವರಿದ್ದಾರೆ; ಅದು ಧೂಳನ್ನೂ ಬೂಷ್ಟನ್ನೂ ಔತಣಕ್ಕೆ ಕರೆದಂತೆ. ಸೀಮೆಎಣ್ಣೆ, ಪೆಟ್ರೋಲುಗಳೂ ಕೂಡದು. ಸಾಬೂನಿನ ನೀರು, ಹಿಂಡಿದ ಬಟ್ಟೆ, ನೆರಳಿನ ಗಾಳಿ, ಇಷ್ಟು ಸಾಕು.

ಹಿಂದಿನ ಸೀಟಿನ ಎಡಮೂಲೆಯಲ್ಲಿ ಒಂದು ತೇಪೆಯಿತ್ತು. ಯಾರೋ ಆಳು ತಂದಿಟ್ಟ ಕತ್ತಿಯ ಮೊನೆ ತಾಗಿ ಹರಿದಿದ್ದ ಕಡೆ, ಬಣ್ಣ ಹೊಂದದ ರೆಕ್ಸಿನ್ ತುಂಡೊಂದನ್ನಿಟ್ಟು ದಪ್ಪ ದಾರದಿಂದ ಒರಟಾಗಿ ಹೊಲಿದಿದ್ದರು. ಶಿಷ್ಯನು ಅದನ್ನು ಎತ್ತಿ ಹಿಡಿದು, "ಮಾಷ್ಟ್ರೇ, ಇದೊಂದನ್ನು ಇಟ್ಟುಕೊಳ್ಳುವುದೋ?" ಎಂದು ಕೇಳಿದನು. ಅಳತೆ ತೆಗೆದುಕೊಂಡಾಯಿತಲ್ಲ, ಇನ್ನೇಕೆ ಎಂದೆವು. ಇಲಿ ಕೊರೆದ ನಾರು, ಕೊಳೆತ ಗೋಣಿಗಳೊಂದಿಗೆ ತೋಟದ ಬದಿಯಲ್ಲಿ ಅದನ್ನೂ ಸುಡಿಸಿದೆವು. ಹೊಸದರ ಹಾಗೆ ಆಗಬೇಕಿತ್ತಷ್ಟೆ.

ಹಿಂದಿನ ಸೀಟು ಸಿದ್ಧವಾದ ಸಂಜೆ ಅತ್ತೆಯನ್ನು ಕರೆದುಕೊಂಡು ಬಂದೆವು. ಎಂಬತ್ತು ದಾಟಿದ ಜೀವ, ದೃಷ್ಟಿ ಮಂದ. ಮೆಲ್ಲನೆ ಹತ್ತಿ ಕುಳಿತು ಸೀಟನ್ನು ಸವರಿದರು. "ಚೆಂದ ಆಗಿದೆ" ಎಂದರು. ಆಮೇಲೆ ಅವರ ಕೈ ಎಡಮೂಲೆಗೆ ಹೋಯಿತು. ಅಲ್ಲಿ ಹುಡುಕಿತು. ಮತ್ತೊಮ್ಮೆ ಹುಡುಕಿತು.

"ನಾನು ಹೊಲಿದದ್ದು ಎಲ್ಲಿ?"

ಗೋಣಿ ಹೊಲಿಯುವ ದಬ್ಬಣದಿಂದ ಅವರು ಒಂದು ಮಧ್ಯಾಹ್ನ ಕುಳಿತು ಹೊಲಿದದ್ದಂತೆ. ಮಾವನವರು ಮಂಗಳೂರಿನಲ್ಲಿ ಸರಿಮಾಡಿಸೋಣವೆಂದಿದ್ದರಂತೆ. ಬಳಿಕ ಅವರೇ, ಇರಲಿ, ಚೆನ್ನಾಗಿದೆ ಎಂದು ಬಿಟ್ಟರಂತೆ. ನಮಗೆ ಉತ್ತರ ತೋಚಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮಾತು ಕೇಳಿದ ಕ್ಷಣದಲ್ಲಿ ಮರೆತೇ ಹೋಗಿದ್ದ ಇನ್ನೊಂದು ನೆನಪು ಮೇಲೆದ್ದು ಬಂತು. ನಮ್ಮ ಎಂಟನೆಯ ವಯಸ್ಸಿನಲ್ಲಿ ವಿಷಮಜ್ವರವೇರಿ, ಸುರಿಯುವ ಮಳೆಯಲ್ಲಿ ಮಾವನವರು ಇದೇ ಕಾರಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಒಯ್ದಿದ್ದರು. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನಾವು ದಾರಿಯುದ್ದಕ್ಕೂ ಆ ಒರಟು ಹೊಲಿಗೆಯ ಮೇಲೆ ಬೆರಳಾಡಿಸುತ್ತ, ಒಂದೊಂದೇ ಗಂಟನ್ನು ಎಣಿಸುತ್ತಿದ್ದೆವು. ಅದೇ ಬೆರಳಿನಿಂದ ಅದನ್ನು ಬೆಂಕಿಯ ಕಡೆಗೆ ತೋರಿಸಿದ್ದೆವು.

ಅತ್ತೆ ಹೆಚ್ಚೇನೂ ಹೇಳಲಿಲ್ಲ. "ಹೋಗಲಿ, ಇಲಿ ತಿಂದದ್ದಲ್ಲವಾ" ಎಂದು ನಮ್ಮ ತೋಳು ಹಿಡಿದು ಇಳಿದರು.

ಮರುದಿನ ಶಿಷ್ಯನೊಡನೆ ಕುಳಿತು ಉಳಿದ ಕೆಲಸದ ಪಟ್ಟಿಯನ್ನು ಹೊಸದಾಗಿ ಬರೆದೆವು. ಬಾಗಿಲಿನ ಹಲಗೆಗಳಲ್ಲಿ ಕೊಳೆತದ್ದು ಕೆಳಗಿನ ನಾಲ್ಕು ಅಂಗುಲ ಮಾತ್ರ. ಹಳೆಯ ರೆಕ್ಸಿನನ್ನು ಜೋಪಾನವಾಗಿ ಬಿಡಿಸಿ, ಹೊಸ ಹಲಗೆಗೆ ಎರಡೂ ಬದಿ ವಾರ್ನಿಷ್ ಹಚ್ಚಿ, ಅದೇ ಚರ್ಮವನ್ನು ಮತ್ತೆ ಅಂಟಿಸಿದೆವು. ಮಾವನವರ ಮೊಣಕೈ ತಾಗಿ ಬಣ್ಣ ಮಾಸಿದ ಜಾಗ ಹಾಗೆಯೇ ಉಳಿದಿದೆ. ಸ್ಟಿಯರಿಂಗ್ ಚಕ್ರದ ಬಿರುಕುಗಳನ್ನು ಸ್ವಲ್ಪ ಅಗಲಿಸಿ, ಎಪಾಕ್ಸಿ ತುಂಬಿ, ಮರಳುಕಾಗದದಿಂದ ಉಜ್ಜಿದೆವು. ಅವರ ಹಿಡಿತಕ್ಕೆ ಸವೆದ ಭಾಗವನ್ನು ತುಂಬಲಿಲ್ಲ. ಹಿತ್ತಾಳೆಯ ಮೇಲೆ ಕ್ರೋಮಿಯಮ್ ಲೇಪವಿದ್ದ ಬಿಲ್ಲೆಗಳನ್ನು ಮರುಲೇಪನಕ್ಕೆ ಕಳುಹಿಸಲಿಲ್ಲ, ಒರೆಸಿ ಇಟ್ಟೆವು. ಭಾವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, "ಆ ತೇಪೆ ನನಗೂ ನೆನಪಿದೆ" ಎಂದನು. ಎಲ್ಲವನ್ನೂ ಹಳೆಯದಾಗಿಯೇ ಉಳಿಸುವ ಹುಚ್ಚು ಮಾತ್ರ ಬೇಡ. ಮಾಡಿನ ಬಟ್ಟೆಯ ಹಿಂದೆ ಒಳದೀಪಕ್ಕೆ ಹೋಗುವ ತಂತಿಯ ಕವಚ ಪುಡಿಪುಡಿಯಾಗಿತ್ತು. ಅದನ್ನು ಒಂದು ಕ್ಷಣವೂ ಯೋಚಿಸದೆ ಕಿತ್ತು ಹೊಸದನ್ನು ಎಳೆಸಿದೆವು. ಬೆಂಕಿಗೆ ನೆನಪುಗಳ ಪರಿವೆಯಿಲ್ಲ.

ಸರಕಾರವೂ ಈಚೆಗೆ ಹಳೆಯ ವಾಹನಗಳ ಕಡೆ ದೃಷ್ಟಿ ಹರಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಈಗಾಗಲೇ ನೋಂದಣಿಯಿರುವ ವಾಹನವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಬಳಿಕ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಷ್ಟೆ. ಮೂಲರೂಪವೆಂದಾಗ ನಿಯಮವು ಚಾಸಿ, ಹೊರಕವಚ, ಎಂಜಿನ್ನುಗಳ ಹೆಸರೆತ್ತುತ್ತದೆ. ಸೀಟಿನ ಮೂಲೆಯ ಹೊಲಿಗೆಯನ್ನು ಕಾಯುವ ಕೆಲಸ ಅದರದಲ್ಲ. ಅತ್ತೆಯನ್ನು ಕೂರಿಸಿಕೊಂಡು ಓಡಾಡಲಾಗದ ಕಾರು ನಮಗೇಕೆಂದು ಭಾವನೂ ನಾವೂ ಆ ನೋಂದಣಿಯ ವಿಚಾರವನ್ನು ಸದ್ಯಕ್ಕೆ ಬದಿಗಿರಿಸಿದ್ದೇವೆ.

ಉಳಿದಿರುವುದು ಮಾಡಿನ ಬಟ್ಟೆಯೊಂದೇ. ಅದನ್ನು ಅಡ್ಡಡ್ಡ ಸರಿಗೆಯ ಕಮಾನುಗಳು ಹಿಡಿದಿರುತ್ತವೆ. ಒಂದೊಂದರ ಬಾಗು ಒಂದೊಂದು ಬಗೆ, ಆದುದರಿಂದ ಅವಕ್ಕೆಲ್ಲ ಮುಂದಿನಿಂದ ಹಿಂದಕ್ಕೆ ಸಂಖ್ಯೆ ಕಟ್ಟಿಟ್ಟಿದ್ದೇವೆ. ತುಕ್ಕು ಉಜ್ಜಿ ಬಣ್ಣ ಬಳಿದಾಗಿದೆ. ಇಲ್ಲದಿದ್ದರೆ ಹೊಸ ಬಟ್ಟೆಯ ಮೇಲೆ ಕಂದು ಗೆರೆಗಳು ಮೂಡುತ್ತವೆ. ಅಂಚುಗಳನ್ನು ಅಂಟಿನಿಂದ ಹಿಡಿಸಬೇಕು. ಗಾಳಿಯಲ್ಲಿ ತೇವವಿರುವಾಗ ಅಂಟು ಬೆವರಿದಂತಾಗಿ ಹಿಡಿಯುವುದಿಲ್ಲ, ಬಿಸಿಲಿಲ್ಲದೆ ಬಟ್ಟೆ ಮೆತ್ತಗಾಗಿ ಬಿಗಿಯಾಗುವುದೂ ಇಲ್ಲ. ಡಿಸೆಂಬರದ ಬಿಸಿಲು ಬರಲಿ ಎಂದು ಶಿಷ್ಯನು ಅಪ್ಪಣೆ ಮಾಡಿದ್ದಾನೆ. ಕೆಲಸ ಮುಗಿದ ಮೇಲೆ ಮಧೂರಿಗೆ ಹೋಗಬೇಕೆಂದು ಅತ್ತೆ ಹೇಳಿದ್ದಾರೆ. ಹಿಂದಿನ ಸೀಟಿನಲ್ಲಲ್ಲ, ಮುಂದೆ, ಎಡಬಾಗಿಲಿನ ಬದಿಗೆ.